ನೆನಪಿನ ಪೇಪರು

ನನ್ನ ತಲೆಗೆ ಮೊದಲ ಏಟು ಹಾಕಿದವನು ಯಾರು ಎಂದು ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿದೆ ಎಂದು ಬಹಳ ದಿನ ನಂಬಿದ್ದೆ. ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಮುಚ್ಚಿದರೆ ಸಾಕು, ಎತ್ತಿದ ಗೂಟ, ಅದರ ಹಿಂದೆ ನನ್ನದೇ ವಿದ್ಯಾರ್ಥಿಯೊಬ್ಬನ ಮುಖ, ಅವನ ತೆರೆದ ಬಾಯಿ ಕಾಣುತ್ತಿದ್ದವು. ಅವು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಆಮೇಲೆ ಆ ಸ್ಪಷ್ಟತೆಯೇ ನನಗೆ ಅನುಮಾನ ಹುಟ್ಟಿಸಿತು. ಬೇಲೂರಿನ ಆ ಭಾನುವಾರದ ಬಗ್ಗೆ ಇಲ್ಲಿ ಬರೆಯುವ ಬೇರೆ ಸಂಗತಿಗಳಲ್ಲೂ ತಪ್ಪಿರಬಹುದು. ಟೀ ಅಂಗಡಿಯ ಮುಂದಿದ್ದದ್ದು ಹೊಂಗೆಯೋ ಬೇವೋ ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ರಕ್ತ ಸುರಿದದ್ದು ನಿಜ. ತಲೆ ಬಾಚುವಾಗ ಹಣಿಗೆ ಈಗಲೂ ಹೊಲಿಗೆಯ ಗಂಟಿಗೆ ತಗಲುತ್ತದೆ.

ನಾನು ಸರ್ಕಾರಿ ನೌಕರಿಯ ಪರೀಕ್ಷೆಗಳಿಗೆ ಪಾಠ ಹೇಳುವವನು, ಅದಕ್ಕೆ ಬೇಕಾದ ಗೈಡುಗಳನ್ನು ಬರೆಯುವವನು. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದುವಾಗ, ಗೊತ್ತಿರುವುದು ಗೊತ್ತಿದೆ ಎಂದು ಮನುಷ್ಯನಿಗೆ ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆ ಹಿಡಿದು ಊಟ ನಿದ್ದೆ ಬಿಟ್ಟಿದ್ದೆ. ಸಂಶೋಧನೆಗೆ ಸೀಟು ಸಿಗದೆ ಅರಸೀಕೆರೆಗೆ ಮರಳಿದ ಮೇಲೆ, ನಾಲ್ಕು ಉತ್ತರಗಳಲ್ಲಿ ಸರಿಯಾದ ಒಂದನ್ನು ಹುಡುಕಿ ಅದರ ವೃತ್ತಕ್ಕೆ ಮಸಿ ತುಂಬುವುದನ್ನು ಕಲಿಸುವ ಕಸುಬಿಗೆ ಬಿದ್ದೆ. ಕೊಬ್ಬರಿ ಮಂಡಿಯ ಮೇಲಿನ ಉದ್ದನೆಯ ಕೋಣೆಯೇ ನನ್ನ ತರಗತಿಯಾಗಿತ್ತು. ಕೆಳಗೆ ಚೀಲ ಎಸೆದಾಗಲೆಲ್ಲ ಮೇಲೆ ಬೋರ್ಡು ಅದುರುತ್ತಿತ್ತು. ಗೈಡಿನ ರಕ್ಷಾಪುಟದ ಮೇಲೆ ನನ್ನ ಫೋಟೊ ಇರುತ್ತಿತ್ತು. ಬಸ್‌ಸ್ಟ್ಯಾಂಡಿನ ಅಂಗಡಿಯವರು ಹಗ್ಗಕ್ಕೆ ಕ್ಲಿಪ್ಪು ಹಾಕಿ ನನ್ನನ್ನು ಸಾಲಾಗಿ ನೇತುಹಾಕುತ್ತಿದ್ದರು.

ಈ ಕಸುಬಿನಲ್ಲಿ ಹಿಂಸೆ ಇದೆ ಎಂದರೆ ಜನ ನಗುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ತನ್ನ ನಂಬರು ಕಾಣದೆ ಗೋಡೆಗೆ ಹಣೆ ಚಚ್ಚಿಕೊಂಡವನನ್ನು ನಾನು ಹಿಂದಿನಿಂದ ತಬ್ಬಿ ಹಿಡಿದಿದ್ದೇನೆ. ಸುಣ್ಣದ ಮೇಲೆ ಉಳಿದ ಕಲೆಗೆ ಎರಡು ಸಲ ಬಣ್ಣ ಹೊಡೆಸಿದರೂ ಹೋಗಲಿಲ್ಲ. ಪೊಲೀಸ್ ಕೆಲಸದ ಓಟದ ಪರೀಕ್ಷೆಯಲ್ಲಿ ತಿರುವು ಬರುತ್ತಿದ್ದಂತೆ ಮೊಣಕೈಗಳು ಪಕ್ಕೆಲುಬು ಹುಡುಕುತ್ತಿದ್ದವು. ಒಂದು ಉತ್ತರ 'ಬಿ'ಯೋ 'ಸಿ'ಯೋ ಎಂದು ಶುರುವಾದ ಜಗಳದಲ್ಲಿ ನನ್ನ ಇಬ್ಬರು ವಿದ್ಯಾರ್ಥಿಗಳು ಬೆಂಚಿನ ಕಾಲು ಮುರಿದು ಒಬ್ಬರನ್ನೊಬ್ಬರು ಮೆಟ್ಟಿಲಿನ ತನಕ ಅಟ್ಟಿದ್ದರು. ಒಂದು ಹುದ್ದೆಗೆ ಒಂದು ಹೋಬಳಿಯಷ್ಟು ಜನ ಅರ್ಜಿ ಹಾಕಿದಾಗ ಪಕ್ಕದ ಬೆಂಚಿನಲ್ಲಿ ಕೂತವನು ಗೆಳೆಯನಾಗಿ ಉಳಿಯುವುದು ಕಷ್ಟ.

ಕೆಲವು ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆಯನ್ನೂ ವಾಪಸು ಕಿತ್ತುಕೊಳ್ಳುತ್ತಿದ್ದರು. ಆದರೆ ಮುಂದಿನ ವರ್ಷದ ಗೈಡಿಗೆ ಹಳೆಯ ಪತ್ರಿಕೆ ಬೇಕೇ ಬೇಕು. ಅದಕ್ಕೆ ನಾವು ಕಂಡುಕೊಂಡ ದಾರಿಯ ಹೆಸರು 'ನೆನಪಿನ ಪೇಪರು'. ಪರೀಕ್ಷೆಗೆ ಮೊದಲೇ ಹೊಲ ಪಾಲು ಮಾಡಿದ ಹಾಗೆ ಪ್ರಶ್ನೆಗಳನ್ನು ಪಾಲು ಮಾಡುತ್ತಿದ್ದೆ. ಮೊದಲ ಹತ್ತು ನಿನಗೆ, ಮುಂದಿನ ಹತ್ತು ನಿನಗೆ, ಕೊನೆಯವು ಅವಳಿಗೆ. ಉಳಿದದ್ದನ್ನು ಹೇಗಾದರೂ ಬರೆಯಲಿ, ತಮ್ಮ ಪಾಲಿನದನ್ನು ಮಾತ್ರ ಅಕ್ಷರ ಬಿಡದೆ ತಲೆಯಲ್ಲಿ ಹೊತ್ತು ಹೊರಗೆ ತರಬೇಕು. ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಅವರು ಒಬ್ಬೊಬ್ಬರಾಗಿ ಒಪ್ಪಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅದರಲ್ಲಿ ಒಂದು ತಪ್ಪು ಮತ್ತೆ ಮತ್ತೆ ನುಸುಳುತ್ತಿತ್ತು. ನೆನಪಾಗದ ಪ್ರಶ್ನೆಯ ಜಾಗದಲ್ಲಿ ಅವರು ನಾನು ತರಗತಿಯಲ್ಲಿ ಮಾಡಿಸಿದ್ದ ಯಾವುದೋ ಪ್ರಶ್ನೆಯನ್ನು ಕೂರಿಸಿಬಿಡುತ್ತಿದ್ದರು. ಹಳೇಬೀಡಿನ ಹಳೆಯ ಹೆಸರೇನು ಎಂದು ಕೇಳಿದ್ದರು ಎಂದು ಒಂದು ಸಲ ಮೂವರು ಆಣೆ ಮಾಡಿದರು. ನಿಜವಾದ ಪತ್ರಿಕೆ ಹೇಗೋ ಕೈಗೆ ಸಿಕ್ಕಿದಾಗ ನೋಡಿದರೆ ಆ ಪ್ರಶ್ನೆಯೇ ಇರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ಖಾಲಿ ಬಿದ್ದ ಜಾಗವನ್ನು ಗುರುತಿದ್ದದ್ದು ಬಂದು ತುಂಬಿತ್ತು.

ನಾನು ಮುಖ ನೋಡಿದೆನೆಂದು ನಂಬಿದ್ದ ಆ ವಿದ್ಯಾರ್ಥಿ ಗೆಂಡೆಹಳ್ಳಿಯವನು. ರಾಗಿ, ತೆಂಗು ಬೆಳೆಯುವ ಜಮೀನುದಾರರ ಮನೆಯವನು, ಮಾತು ಕಡಿಮೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಆಗಲೇ ಆಯ್ಕೆಯಾಗಿದ್ದ. ಠಾಣೆಯಿಂದ ನಡತೆಯ ವರದಿ ಹೋಗುವುದು, ನೇಮಕದ ಆದೇಶ ಬರುವುದು ಮಾತ್ರ ಬಾಕಿಯಿತ್ತು. ಕೈಯಲ್ಲಿ ಒಂದು ಕೆಲಸವಿದ್ದರೂ ಇನ್ನೊಂದಕ್ಕೆ ಪರೀಕ್ಷೆ ಬರೆಯುವುದು ಇಲ್ಲಿ ಎಲ್ಲರ ಚಾಳಿ. ಆ ಭಾನುವಾರದ ಪರೀಕ್ಷೆಗೆ ನನ್ನ ಹೆಚ್ಚಿನ ವಿದ್ಯಾರ್ಥಿಗಳಿಗೆ ಬೇಲೂರಿನ ಕೇಂದ್ರ ಸಿಕ್ಕಿತ್ತು. ಅವನಿಗೆ ಹಳೇಬೀಡು ಬಿದ್ದಿತ್ತು.

ಹಳೇಬೀಡಿನಲ್ಲಿ ಪ್ರಶ್ನೆಪತ್ರಿಕೆಯ ಬಂಡಲು ಬಂದೇ ಇರಲಿಲ್ಲ. ಇದು ನಮಗೆ ಗೊತ್ತಿರಲಿಲ್ಲ. ಬೇಲೂರಿನಲ್ಲಿ ಪರೀಕ್ಷೆ ಮುಗಿದು, ನಮ್ಮವರು ಟೀ ಅಂಗಡಿಯಲ್ಲಿ ತಮ್ಮ ತಮ್ಮ ಪಾಲು ಒಪ್ಪಿಸಿ, ನಾನು ಹಾಳೆ ತುಂಬ ಬರೆದುಕೊಳ್ಳುತ್ತಿದ್ದ ಹೊತ್ತಿಗೆ, ಹಳೇಬೀಡಿನವರು ಇನ್ನೂ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದರು. ನನ್ನ ಹಾಳೆಯ ಫೋಟೊ ಯಾರೋ ತೆಗೆದು ವಾಟ್ಸಾಪಿನಲ್ಲಿ ಹಾಕಿದರು. ಅವರ ಫೋನಿಗೆ ಅದು ಬಂದಾಗ ಅವರ ಪರೀಕ್ಷೆ ಶುರುವೇ ಆಗಿರಲಿಲ್ಲ. ಅವರು ಕಂಡದ್ದಿಷ್ಟು: ಇಡೀ ಪತ್ರಿಕೆ, ಮೇಷ್ಟ್ರ ಕೈಬರಹದಲ್ಲಿ, ಪರೀಕ್ಷೆಗೆ ಮುಂಚೆ. ಆ ಬಿಸಿಲಲ್ಲಿ ಅವರ ಜಾಗದಲ್ಲಿ ನಿಂತಿದ್ದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ.

ಟೆಂಪೊದ ಹಾರ್ನ್ ಮೊದಲು ಕೇಳಿಸಿತು. ಹಿಂದೆ ನಿಂತಿದ್ದವರು ಅದು ನಿಲ್ಲುವ ಮೊದಲೇ ಧುಮುಕಿದರು. ಕೆಲವರ ಜೇಬಿನಲ್ಲಿ ಹಾಲ್ ಟಿಕೆಟ್ಟು ಕಾಣುತ್ತಿತ್ತು, ಕೈಯಲ್ಲಿ ಬೇಲಿಯಿಂದ ಕಿತ್ತ ಗೂಟ ಇತ್ತು.

"ಯಾವನ್ಲಾ ಅವ್ನು, ಪೇಪರ್ ಮಾರ್ದೋನು?"

"ಅಗೋ ಅಲ್ ಕುಂತವ್ನೆ ನೋಡ್ಲಾ. ಗೈಡ್ ಮೇಲಿರೋ ಮುಖ!"

ನಾನು ಎದ್ದು ನಿಂತು, ತರಗತಿಯಲ್ಲಿ ಹೇಳುವ ದನಿಯಲ್ಲೇ, "ಮೊದ್ಲು ಎಲ್ರೂ ಕೂತ್ಕೊಳ್ಳಿ, ಮಾತಾಡೋಣ" ಎಂದೆನಂತೆ.

"ಇನ್ನೂ ಪಾಠ ಹೇಳ್ತಾವ್ನಲ್ಲೋ!" ಎಂದು ಯಾರೋ ಕೂಗಿದರು. ಒಂದಿಬ್ಬರು ನಕ್ಕರು. ಆ ನಗೆ ಇನ್ನೂ ಇರುವಾಗಲೇ ಬಿಸಿ ಟೀ ನನ್ನ ಮುಖಕ್ಕೆ ಬಂತು, ಹಿಂದೆಯೇ ಲೋಟವೂ ಬಂತು. ಆಮೇಲೆ ಗೂಟ. ತಲೆಯೊಳಗೆ ತೆಂಗಿನಕಾಯಿ ಒಡೆದ ಸದ್ದು. ನಾನು ಮಂಡಿಯೂರಿದೆ. ಹಾಳೆಗಳು ನೆಲದಲ್ಲಿ ಹರಡಿದ್ದವು. ಅವನ್ನು ಏಕೆ ಹಿಡಿಯಹೋದೆನೋ, ಬಲಗೈ ಚಾಚಿದೆ. ಆ ಕೈಯ ಮೇಲೆ ಯಾರೋ ಬೂಟುಗಾಲಿಟ್ಟು ಪೂರ್ತಿ ಭಾರ ಹಾಕಿ ತಿರುವಿದರು. ಬೆರಳುಗಳು ಮುರಿದ ನೋವಿಗಿಂತ ಮೊದಲು ಅವುಗಳ ಸದ್ದು ಗೊತ್ತಾಯಿತು. ಜಾವಗಲ್ಲಿನ ನನ್ನ ವಿದ್ಯಾರ್ಥಿನಿಯೊಬ್ಬಳ ಜಡೆ ಹಿಡಿದು ಎಳೆದರು. ಅವಳು ಆ ಕೈಯನ್ನು ಕಚ್ಚಿ, ಚರ್ಮ ಬಾಯಿಗೆ ಬರುವ ತನಕ ಬಿಡಲಿಲ್ಲ. ವಿದ್ಯಾರ್ಥಿಗಳ ಚೀಲಗಳಿಂದ ನನ್ನ ಗೈಡುಗಳನ್ನು ಕಿತ್ತು, ರಸ್ತೆಯ ಮಧ್ಯೆ ರಾಶಿ ಹಾಕಿ, ಬೈಕಿನಿಂದ ಪೆಟ್ರೋಲು ಇಳಿಸಿ ಬೆಂಕಿ ಕೊಟ್ಟರು. ನೆಲದಲ್ಲಿ ಬಿದ್ದುಕೊಂಡು ನಾನು ನನ್ನ ಫೋಟೊ ಅಂಚಿನಿಂದ ಸುರುಟಿಕೊಳ್ಳುವುದನ್ನು ನೋಡಿದೆ. ನಮ್ಮದು ಅಜ್ಜನ ಕಾಲದಲ್ಲಿ ಬೌದ್ಧರಾದ ಮನೆ. ಅದಕ್ಕೂ ಮುಂಚಿನ ಜಾತಿಯ ಹೆಸರು ಹಿಡಿದು ಒಂದು ಬೈಗುಳ ಬಂತು. ಆ ಮಾತಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಅದು ಯಾರ ಬಾಯಿಂದ ಬಂತೋ ಗೊತ್ತಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಸೋದರಮಾವ ಪಕ್ಕದಲ್ಲಿದ್ದರು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಮಾತು ತೂಗಿ ಆಡುವವರು.

"ಯಾರಾದ್ರೂ ಗುರುತಿದ್ರೇನೋ?"

ಗೆಂಡೆಹಳ್ಳಿಯವನ ಹೆಸರು, ಕಿವಿಗೆ ಬಿದ್ದ ಬೈಗುಳ, ಎರಡನ್ನೂ ಹೇಳಿದೆ.

"ಹೊಡೆದಿದ್ದು ನೋಡ್ದಾ?"

"ನೋಡಿದೆ ಮಾವ. ಮುಖ ಕಾಣಿಸ್ತು."

"ಜಾತಿ ಎತ್ತಿ ಬೈದೋನೂ ಅವನೇ. ಇನ್ಯಾರಿಗೆ ಕಣೋ ನಿನ್ನ ಜಾತಿ ಗೊತ್ತು ಅಲ್ಲಿ? ಅಟ್ರಾಸಿಟಿ ಕೇಸು ಹಾಕ್ಸೋಣ. ಪೊಲೀಸ್ ಆಗ್ತಾನಂತೆ ಪೊಲೀಸ್!"

ಆ ವಾರ ಪೂರ್ತಿ ನಾನು ಅವನನ್ನು ಮನಸ್ಸಿನಲ್ಲಿ ಹೊಡೆಯುತ್ತಿದ್ದೆ. ಮುರಿದ ಕೈಯಿಂದಲೇ ಹೊಡೆಯುತ್ತಿದ್ದೆ. ಖಾಕಿ ಹಾಕಿದ ಅವನನ್ನು ಮೆಟ್ಟಿಲಿನಿಂದ ಉರುಳಿಸುತ್ತಿದ್ದೆ, ಮತ್ತೆ ಎತ್ತಿ ನಿಲ್ಲಿಸುತ್ತಿದ್ದೆ, ಮತ್ತೆ ಉರುಳಿಸುತ್ತಿದ್ದೆ. ಊಟ ರುಚಿಸುತ್ತಿತ್ತು.

ಅರಸೀಕೆರೆಯ ಮನೆಗೆ ಬಂದ ಮೇಲೆ ಅವನ ಅಣ್ಣ ಇಬ್ಬರನ್ನು ಕರೆದುಕೊಂಡು ಬಂದ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಮೇಷ್ಟ್ರೇ, ನಮ್ ಹುಡ್ಗ ಅಂಥೋನಲ್ಲ ಅಂತ ನಿಮ್ಗೇ ಗೊತ್ತೈತೆ."

"ಹಾಗಾದ್ರೆ ಅವನೇ ಬಂದು ಹೇಳಬಹುದಿತ್ತಲ್ಲ? ಎಲ್ಲಿದ್ದಾನೆ?"

"ಅವ್ನು ಬರಾಕಿಲ್ಲ. ಈಗ ಅವ್ನು ಎಲ್ಲೂ ಕಾಣುಸ್ಕೋಬಾರ್ದು. ಒಂದು ಕೇಸಲ್ಲಿ ಹೆಸ್ರು ಬಂದ್ರೆ ಆರ್ಡರ್ ಹೋಯ್ತದೆ. ಮೂರು ವರ್ಷ ಓಡವ್ನೆ ಆ ಕೆಲ್ಸಕ್ಕೆ, ಕಾಲಲ್ಲಿ ರಕ್ತ ಬರಂಗೆ."

"ನನ್ನ ತಲೇಲಿ ಬಂದಿದ್ದು ಏನು?"

ಅವನು ನನ್ನ ಬ್ಯಾಂಡೇಜು ನೋಡಿದ. ಆಮೇಲೆ ದನಿ ಎತ್ತದೆ, "ಹೆಸ್ರು ಹೇಳಿದ್ರೆ ನಾವೂ ಸುಮ್ಕೆ ಇರಾಕಾಯ್ತದಾ ಮೇಷ್ಟ್ರೇ? ನೀವೂ ಇದೇ ಊರಲ್ಲಿ ಇರ್ಬೇಕು. ಬತ್ತೀವಿ" ಎಂದ.

ಎರಡು ದಿನ ಬಿಟ್ಟು ತರಗತಿಯ ಬೋರ್ಡನ್ನು ಯಾರೋ ಹಾಡುಹಗಲೇ ಮಚ್ಚಿನಿಂದ ಕೊಚ್ಚಿ ಹಾಕಿದರು. ಮಂಡಿಯವರು ಬಾಗಿಲು ಹಾಕಿಕೊಂಡು ಒಳಗಿದ್ದರಂತೆ. ಇದನ್ನು ಮಾಡಿದವನು ಅವನ ಅಣ್ಣನೇ ಎಂದು ಆ ಕ್ಷಣ ಆಣೆ ಮಾಡುವಷ್ಟು ಖಾತ್ರಿಯಾಯಿತು. ಬೋರ್ಡು ಕೊಚ್ಚಿದ್ದನ್ನು ನಾನು ನೋಡಿಯೂ ಇರಲಿಲ್ಲ. ಆದರೂ ಅವನ ಮುಖ, ಮಚ್ಚು ಎತ್ತಿದ ಅವನ ತೋಳು, ಎಲ್ಲ ಕಾಣುತ್ತಿದ್ದವು. ಅದೇ ಬೆಳಕು, ಅದೇ ತೆರೆದ ಬಾಯಿ. ಅಲ್ಲಿ ನನಗೆ ಭಯ ಹತ್ತಿತು. ನೋಡದೇ ಇದ್ದದ್ದು ನೋಡಿದ್ದರಷ್ಟೇ ಚೆನ್ನಾಗಿ ಕಾಣುತ್ತಿದ್ದರೆ, ನೋಡಿದೆ ಎಂದು ಹೇಳುತ್ತಿರುವುದರ ಗತಿ ಏನು?

ಠಾಣೆಗೆ ಹೋಗುವ ಮೊದಲು ನನಗೆ ಗೊತ್ತಿದ್ದ ಒಂದೇ ವಿಧಾನ ಹಿಡಿದೆ. ಆ ಹೊತ್ತನ್ನು ಪಾಲು ಮಾಡಿದೆ. ಟೆಂಪೊ ಬಂದದ್ದರಿಂದ ಟೀ ಎರಚಿದ ತನಕ ಒಬ್ಬರಿಗೆ, ಅಲ್ಲಿಂದ ನಾನು ಬಿದ್ದ ತನಕ ಇನ್ನೊಬ್ಬರಿಗೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳದ ಹಾಗೆ, ಬೇರೆ ಬೇರೆಯಾಗಿ ಕರೆಸಿ ಕೇಳಿದೆ.

ಟೀ ಅಂಗಡಿಯಾತನಿಗೆ ಪಾಲು ಗೀಲು ಒಂದೂ ಹಿಡಿಸಲಿಲ್ಲ. "ಅವ್ನೇ ಸಾರ್. ಟೆಂಪೊದಿಂದ ಮೊದ್ಲು ಇಳ್ದೋನೇ ಅವ್ನು. ಗೂಟ ಎತ್ತಿ ಬಿಟ್ಟ ನೋಡಿ, ನನ್ ಗಾಜಿನ ಬೀರು ಚೂರ್ ಚೂರು" ಎಂದ. ಗೂಟ ತಲೆಗೆ ಬಿತ್ತೋ ಬೀರುವಿಗೆ ಬಿತ್ತೋ ಎಂದರೆ, "ಎರಡಕ್ಕೂ ಬಿತ್ತು" ಎಂದ.

ಜಾವಗಲ್ಲಿನವಳು ಬೇರೆಯೇ ಹೇಳಿದಳು.

"ಅವನು ಟೆಂಪೊದಲ್ಲಿ ಬರ್ಲಿಲ್ಲ ಸರ್. ಬೈಕಲ್ಲಿ ಬಂದ, ಟೆಂಪೊ ಹಿಂದೇನೇ. ಸರ್ ಓಡೀ ಸರ್ ಅಂತ ಕಿರುಚ್ತಾ ಬಂದ. ನಿಮ್ಮ ಮುಂದೆ ನಿಂತು ಕೈ ಅಡ್ಡ ಕೊಟ್ಟ. ಗೂಟ ಬಿದ್ದಿದ್ದು ಅವನ ಕೈ ಮೇಲೆ."

"ನನ್ನ ತಲೆ ಮೇಲೆ ಬಿದ್ದಿದ್ದು?"

"ಅದು ಇನ್ನೊಂದು ಇರ್ಬೇಕು ಸರ್. ನನ್ನ ಜಡೆ ಹಿಡ್ಕೊಂಡಿದ್ರು, ನಾನು ಎಷ್ಟು ಅಂತ ನೋಡ್ಲಿ?"

"ನಿಂಗೆ ಅವನು ಗೊತ್ತು. ಒಂದೇ ಬೆಂಚಿನವರು. ಅದಕ್ಕೇ ಹೀಗೆ ನೆನಪಾಗ್ತಿದೆಯೇನೋ?"

ಅವಳ ಮುಖ ಕೆಂಪಾಯಿತು. "ನಿಮಗೂ ಅವನು ಗೊತ್ತು ಸರ್. ಹಳೇಬೀಡಿಂದ ಬಂದವರಲ್ಲಿ ನಿಮಗೆ ಗೊತ್ತಿದ್ದೋನು ಅವನೊಬ್ಬನೇ."

ಗುರುತಿಲ್ಲದ ಮುಖದ ಜಾಗದಲ್ಲಿ ಗುರುತಿದ್ದ ಮುಖ ಬಂದು ಕೂತಿತ್ತೇ? ಅಥವಾ ಅವನೇ ಹೊಡೆದಿದ್ದು, ಈಗ ನಾನು ಓದಿದ ತತ್ವಶಾಸ್ತ್ರ ಅವನ ಪರವಾಗಿ ವಕಾಲತ್ತು ಹಾಕುತ್ತಿತ್ತೇ? ಎರಡೂ ಅಷ್ಟೇ ಸಾಧ್ಯ ಅನಿಸಿತು.

ಮಾವನಿಗೆ ಇದನ್ನು ಹೇಳಿದಾಗ ಅವರು ಊಟ ಮಾಡುತ್ತಲೇ ಕೇಳಿದರು. ಆಮೇಲೆ ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೆ ಬೀಸಿದರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅನ್ನ ಗೋಡೆಯಿಂದ ಜಾರುತ್ತಿತ್ತು.

"ನಮ್ಮೋರು ಕಣ್ಣಾರೆ ಕಂಡಿದ್ದನ್ನ ಹೇಳಿದ್ರೆ ಯಾವತ್ತು ಯಾರು ನಂಬಿದಾರೋ? ನಿಂಗೆ ಸರಿಯಾಗಿ ನೆನಪಿಲ್ಲ, ನೀನು ನೋಡಿದ್ದು ತಪ್ಪು ಅಂತಾನೇ ನಮ್ಮಪ್ಪನ ಕಾಲದಿಂದ ಕೇಸು ಮುಚ್ಚವ್ರೆ. ಈಗ ಆ ಕೆಲ್ಸಾನ ನೀನೇ ಮಾಡ್ತೀಯಾ? ಎಂ.ಎ. ಓದಿದ್ದು ಇದಕ್ಕೇನೋ?"

"ಬೈದಿದ್ದು ನಿಜ ಮಾವ. ಹೊಡೆದಿದ್ದು ನಿಜ. ಯಾರು ಅನ್ನೋದು..."

"ಜಾತಿ ಗೊತ್ತಿದ್ದೋನು ಅವನೊಬ್ನೇ!"

"ಗೈಡಿನ ಮೊದಲನೇ ಪುಟದಲ್ಲೇ ಬುದ್ಧನ ಚಿತ್ರ ಇದೆ. ಪುಸ್ತಕ ಸುಟ್ಟೋರೆಲ್ಲ ನೋಡಿರ್ತಾರೆ."

ಮಾವ ಗೋಡೆಯ ಕಡೆಗೆ ತಿರುಗಿ ಅನ್ನ ಬಾಚತೊಡಗಿದರು. ಅವರ ಮಾತಿನಲ್ಲಿ ತಪ್ಪೇನಿತ್ತು ಎಂದು ಈಗಲೂ ಹುಡುಕುತ್ತೇನೆ, ಸಿಗುವುದಿಲ್ಲ.

ಇನ್‌ಸ್ಪೆಕ್ಟರು ಸಭ್ಯರು. ಕುರ್ಚಿ ಕೊಟ್ಟರು, ನೀರು ಕೊಟ್ಟರು.

"ನಿಮ್ಮ ಶಿಷ್ಯ ಒಬ್ಬ ಗುಂಪಿನಲ್ಲಿದ್ದನಂತೆ. ಟೆಂಪೊದಲ್ಲಿ ಬಂದ ಅಂತ ಹೇಳಿದ್ರೂ ಸಾಕು ಸರ್. ಗುಂಪಲ್ಲಿದ್ದೋರೆಲ್ಲ ಆರೋಪಿಗಳೇ. ಅವನನ್ನ ಹಿಡಿದ್ರೆ ಉಳಿದೋರ ಹೆಸರು ಅವನೇ ಕಕ್ತಾನೆ."

"ಅವನು ಕೈ ಅಡ್ಡ ಕೊಟ್ಟು ಏಟು ತಿಂದ ಅಂತ ಒಬ್ಬಳು ಹೇಳ್ತಾಳೆ."

"ನಮಗೂ ಅದೇ ಹೇಳಿದ್ಲು, ವಿಚಾರಿಸಿದ್ವಿ. ಸುತ್ತಮುತ್ತ ಯಾವ ಆಸ್ಪತ್ರೆಗೂ ಅವನು ಹೋಗಿಲ್ಲ. ಗೂಟದ ಏಟು ತಿಂದೋನು ಆಸ್ಪತ್ರೆಗೆ ಹೋಗದೆ ಇರ್ತಾನಾ? ಬಿಡಿ. ನೀವು ಹೇಳಿ. ಹೊಡೆದ್ನಾ, ಇಲ್ವಾ?"

ನಾನು ಸಾವಿರಾರು ಜನರಿಗೆ ಕಲಿಸಿದ್ದು ಅದನ್ನೇ. ಗೊತ್ತಿಲ್ಲದಿದ್ದರೂ ವೃತ್ತ ಖಾಲಿ ಬಿಡಬೇಡಿ, ಯಾವುದಾದರೂ ಒಂದಕ್ಕೆ ಮಸಿ ತುಂಬಿ ಬನ್ನಿ. ಬ್ಯಾಂಡೇಜಿನ ಕೈ ಮೇಜಿನ ಮೇಲಿತ್ತು, ಒಳಗೆ ಬೆರಳುಗಳು ಮಿಡಿಯುತ್ತಿದ್ದವು. 'ಹೊಡೆದ' ಎಂದು ಹೇಳುವ ಆಸೆ ನಾಲಿಗೆಯ ತುದಿಗೆ ಬಂದಿತ್ತು, ಅದಕ್ಕೆ ಒಂದು ಸಿಹಿಯೂ ಇತ್ತು.

"ಗೊತ್ತಿಲ್ಲ" ಎಂದೆ. "ಟೆಂಪೊದಲ್ಲಿ ಬಂದನೋ ಬೈಕಿನಲ್ಲಿ ಬಂದನೋ ಅದೂ ಗೊತ್ತಿಲ್ಲ. ಅವನ ಮುಖ ಕಂಡೆ. ಯಾವ ಕಡೆ ನಿಂತಿದ್ದ ಅಂತ ಹೇಳಲಾರೆ."

"ಇದನ್ನ ಹೇಗೆ ಬರ್ಕೊಳ್ಳೋದು ಸರ್?" ಎಂದರು ಇನ್‌ಸ್ಪೆಕ್ಟರು. ಕೊನೆಗೆ 'ಗುರುತು ಪರಿಚಯವಿಲ್ಲದ ವ್ಯಕ್ತಿಗಳು' ಎಂದು ಬರೆದುಕೊಂಡು ಎಡಗೈಯಲ್ಲಿ ನನ್ನ ಸಹಿ ಹಾಕಿಸಿಕೊಂಡರು.

ಯಾರಿಗೂ ಶಿಕ್ಷೆಯಾಗಲಿಲ್ಲ. ನನ್ನ ಬೆರಳು ತಿರುವಿದವನು, ಆ ಬೈಗುಳ ಬೈದವನು, ಈ ತಾಲ್ಲೂಕುಗಳಲ್ಲೇ ಎಲ್ಲೋ ಬಸ್ಸು ಹತ್ತುತ್ತಾನೆ, ಇಳಿಯುತ್ತಾನೆ. ಮಾವ ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಗೆಂಡೆಹಳ್ಳಿಯವನಿಗೆ ಆದೇಶ ಬಂದು ತರಬೇತಿಗೆ ಹೋದನೆಂದು ಕೇಳಿದೆ. ಒಂದು ಫೋನು ಸಹ ಮಾಡಲಿಲ್ಲ. ಹೊಡೆದವನು ಮಾಡುವುದಿಲ್ಲ ಎಂದುಕೊಂಡೆ. ನಾನು ತನ್ನನ್ನು ಅನುಮಾನಿಸಿದೆ ಎಂದು ಗೊತ್ತಾದವನೂ ಮಾಡುವುದಿಲ್ಲ ಎಂದೂ ಅಂದುಕೊಂಡೆ.

ನನ್ನ ಬೆರಳುಗಳು ಸೊಟ್ಟಗೆ ಕೂಡಿಕೊಂಡವು. ಪೆನ್ನು ಹಿಡಿಯಲಾಗದೆ, ಕೆಲವು ತಿಂಗಳ ಮೇಲೆ, ಜಾವಗಲ್ ರಸ್ತೆಯ ಕಡೆ ಮೂಳೆ ಕಟ್ಟುವ ನಾಟಿ ವೈದ್ಯರೊಬ್ಬರ ಹತ್ತಿರ ಹೋದೆ. ಅವರು ಎಣ್ಣೆ ಹಚ್ಚಿ, ಮಾತಾಡುತ್ತ ಮಾತಾಡುತ್ತಲೇ ಒಂದು ಬೆರಳನ್ನು ಲಟಕ್ಕನೆ ಎಳೆದರು. ನಾನು ಕೂಗಿ ಗೋಡೆಗೆ ಒರಗಿದೆ. ನೋವು ಇಳಿಯಲಿ ಎಂದು ಕಾಯುವಾಗ, ಪೊಲೀಸ್ ಕೆಲಸ ಸಿಕ್ಕಿದ ಗೆಂಡೆಹಳ್ಳಿಯವನೊಬ್ಬ ಯಾವತ್ತಾದರೂ ಬಂದಿದ್ದನೇ ಎಂದು ಕೇಳಿದೆ.

"ಬಂದಿದ್ದ ಕಣ್ರೀ. ಬೇಲೂರಲ್ಲಿ ಗಲಾಟೆ ಆಯ್ತಲ್ಲ, ಅವತ್ತೇ ಸಂಜೆ ಮುಂದೆ. ಎಡಗೈ ಮುಂಗೈ ಮುರ್ಕೊಂಡಿದ್ದ. ಆಸ್ಪತ್ರೆಗೆ ಹೋದ್ರೆ ಪೊಲೀಸ್‌ಗೆ ಬರ್ದು ಕಳಿಸ್ತಾರೆ, ಕೆಲ್ಸ ಹೋಯ್ತದೆ ಅಂತ ಅಳ್ತಿದ್ದ. ಬಾಯಿಗೆ ಟವಲ್ ಕೊಟ್ಟು ಕಟ್ಟು ಹಾಕ್ದೆ."

"ಹೇಗೆ ಮುರೀತು ಅಂದ?"

"ಮರದಿಂದ ಬಿದ್ದೆ ಅಂದ. ನಾನೂ ಹೂಂ ಅಂದೆ."

ಒಬ್ಬರ ನೆನಪು ನನಗೆ ಸಾಲದು. ಅವರು ಕೈ ತೊಳೆಯಲು ಹಿತ್ತಲಿಗೆ ಹೋದಾಗ, ಒಳಗೆ ಎಣ್ಣೆ ಕಾಯಿಸುತ್ತಿದ್ದ ಅವರ ಹೆಂಡತಿಯನ್ನು ಬೇರೆಯಾಗಿ, ಬೇರೆ ಮಾತಿನಿಂದ ಶುರುಮಾಡಿ ಕೇಳಿದೆ. ಆಕೆಯೂ ಅದೇ ದಿನ, ಅದೇ ಕೈ, ಅದೇ ಟವಲ್ಲು ಎಂದರು. ಆ ಕೈ ಯಾರ ಏಟಿಗೆ, ಯಾರಿಗಾಗಿ ಅಡ್ಡ ಹೋಗಿತ್ತು ಎಂಬುದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಆ ಭಾನುವಾರ ಸಂಜೆಯ ಹೊತ್ತಿಗೆ ಅವನ ಎಡ ಮುಂಗೈಯ ಮೂಳೆ ಮುರಿದಿತ್ತು. ಇದು ಖಚಿತ.